ಅಜ್ಜಿಯ ಕೈಗುಣ

ನಡುರಾತ್ರಿ ಕೊಟ್ಟಿಗೆಯಲ್ಲಿ ತುಂಬು ಗಬ್ಬದ ಹಸು ಗೌರಿಯ ಕೊರಳಗಂಟೆ ಸಣ್ಣಗೆ ಅಲುಗಿತು. ಎರಡು ಸಾವಿರದ ಒಂದನೇ ಇಸವಿ, ಎಂ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ತಾಯಲೂರಿಗೆ ಬಂದಿದ್ದೆ. ಟಾರ್ಚ್ ಹಿಡಿದು ಹೋದರೆ ಅಜ್ಜಿ ಆಗಲೇ ಸೆರಗು ಸಿಕ್ಕಿಸಿ ನಿಂತಿದ್ದಳು. ಕರುವಿನ ಮುಂಗಾಲು ಒಳಗೇ ಮಡಚಿಕೊಂಡಿತ್ತು. ಮುಳಬಾಗಿಲಿನಿಂದ ಡಾಕ್ಟರು ಬರುವಷ್ಟರಲ್ಲಿ ಬೆಳಗಾಗುತ್ತಿತ್ತು. ಯಾರ ಹಸು ಹೀಗೆ ಕಷ್ಟಪಟ್ಟರೂ ಅಶ್ವತ್ಥಮ್ಮನ ಕೈಗುಣ ಬೇಕೆಂದು ಊರವರು ಅಜ್ಜಿಯನ್ನೇ ಕರೆಯುತ್ತಿದ್ದ ಕಾಲ ಅದು.

ನನ್ನ ಕಣ್ಣು ಆ ಕೈಯ ಮೇಲೇ ಇತ್ತು. ಸಂಜೆ ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುವಾಗ ಅಂಗೈ ಕೊಯ್ದುಕೊಂಡಿದ್ದಳು.

"ಆ ಗಾಯದ ಕೈ ಒಳಗೆ ಹಾಕಬೇಡ ಅಜ್ಜಿ. ಆಫ್ರಿಕಾದಲ್ಲಿ ಚಿಂಪಾಂಜಿ ಕೊಯ್ದ ಬೇಟೆಗಾರನ ಗಾಯಕ್ಕೆ ಅದರ ರಕ್ತ ತಾಗಿ ವೈರಸ್ ದಾಟಿರಬೇಕಂತೆ. ಏಡ್ಸ್ ಶುರುವಾಗಿದ್ದು ಹಂಗೆ ಅಂತಾರೆ."

"ನಮ್ಮ ಗೌರಿ ಕೋತಿ ಏನೇ?"

"ಹಸುವಿಂದ ಏಡ್ಸ್ ಬರಲ್ಲ, ಬೇರೆ ಜ್ವರ ಬರುತ್ತೆ. ದಾರಿ ಮಾತ್ರ ಅದೇ, ಗಾಯ."

"ಹಂಗಾದ್ರೆ ನೀನೇ ಕೈ ಹಾಕು, ಓದಿರೋಳು."

ಹೊಸ ಪ್ಲಾಸ್ಟಿಕ್ ಕವರನ್ನು ಮೊಣಕೈವರೆಗೆ ಎಳೆದುಕೊಂಡು ಎಣ್ಣೆ ಸವರಿಕೊಂಡೆ.

"ಗೊರಸು ಸಿಕ್ತಾ? ಅಂಗೈಯಲ್ಲಿ ಮುಚ್ಕೊಂಡು ಮೆಲ್ಲಗೆ ಎಳಿ ಕಣೇ."

ಕರು ಹುಲ್ಲಿನ ಮೇಲೆ ಬಿದ್ದು ಉಸಿರಾಡಿತು.

ಮಾರನೆಯ ದಿನ ಮನೆಯೆಲ್ಲ ಗಿಣ್ಣಿನ ಏಲಕ್ಕಿ ಘಮ. ಪಕ್ಕದ ಮನೆಯ ಸುನಂದಕ್ಕ ಬಟ್ಟಲು ಹಿಡಿದು, "ಅಶ್ವತ್ಥಮ್ಮನ ಕೈಗುಣ ಅಂದ್ರೆ ಸುಮ್ನೇನಾ?" ಎಂದಳು. ಅಜ್ಜಿ ಗಾಯದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ನನ್ನತ್ತ ನೋಡಿದಳು. ಅವಳ ಮುಖದಲ್ಲಿ ಅಂಥ ಅಳುಕನ್ನು ನಾನು ಕಂಡೇ ಇರಲಿಲ್ಲ.

"ಹೌದು ಸುನಂದಕ್ಕ," ಎಂದೆ. ಕರುವನ್ನು ಎಳೆದ ಕೈ ಯಾರದೆಂದು ಯಾರಿಗೂ ಹೇಳಬಾರದೆಂದು ಆಗಲೇ ನಿರ್ಧರಿಸಿದ್ದೆ.