ಆರನೇ ಹಂತದ ಕೆಂಪು ಬಾಗಿಲು

ವಿಡಿಯೋ ಆಟದ ಕಂಪನಿಯ ಮೂರನೇ ಮಹಡಿಯಲ್ಲಿ, ಝೆರಾಕ್ಸ್ ಮಶೀನಿಗೂ ಕೈತೊಳೆಯುವ ಬೇಸಿನ್ನಿಗೂ ನಡುವೆ ಕೂರುತ್ತಿದ್ದ ಹೆಂಗಸನ್ನು ಎಲ್ಲರೂ ಚುಕ್ಕಿ ಮೇಡಂ ಎನ್ನುತ್ತಿದ್ದರು. ಮೂವತ್ತೊಂದು ವರ್ಷದ ಹಿಂದೆ, ಕ್ಯಾಸೆಟ್ ಸಿಕ್ಕಿಸಿ ಟಿವಿಯಲ್ಲಿ ಆಡುತ್ತಿದ್ದ ಕಾಲದಲ್ಲಿ, 'ಛತ್ರಿ ಅಜ್ಜಿ' ಎಂಬ ಆಟವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಿದವರು ಅವರೇ. ಅಜ್ಜಿ ಛತ್ರಿ ಹಿಡಿದು ಮಾಳಿಗೆಯಿಂದ ಮಾಳಿಗೆಗೆ ಹಾರಬೇಕು, ಓಡಿಹೋದ ಬೆಕ್ಕನ್ನು ಹಿಡಿಯಬೇಕು. ಇಷ್ಟೇ ಆಟ. ಇಷ್ಟಕ್ಕೇ ಊರಿಗೆ ಊರೇ ಹುಚ್ಚು ಹಿಡಿದು ಆಡಿತ್ತು.

ಆರನೇ ಹಂತದಲ್ಲಿ ಒಂದು ಕೆಂಪು ಬಾಗಿಲಿತ್ತು. ಅದು ಜಪ್ಪಯ್ಯ ಅಂದರೂ ತೆರೆಯುತ್ತಿರಲಿಲ್ಲ. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಆ ಬಾಗಿಲಿನ ಕೀಲಿಯನ್ನು ಆಟದೊಳಗೆ ಇಡಬೇಕಾದ ದಿನ ಚುಕ್ಕಿ ಮೇಡಂಗೆ ಹಲ್ಲುನೋವು. ಕೆನ್ನೆ ಊದಿ ಬನ್ನಿನ ಹಾಗಾಗಿತ್ತು. "ನಾಳೆ ಮಾಡ್ತೀನಿ" ಎಂದು ಮನೆಗೆ ಹೋದರು. ಮಾರನೆಯ ದಿನ ಬರುವಷ್ಟರಲ್ಲಿ ಆಟ ಫ್ಯಾಕ್ಟರಿ ಸೇರಿ ಕ್ಯಾಸೆಟ್ ಆಗುತ್ತಿತ್ತು. ಅವರು ತುಟಿ ಪಿಟಕ್ಕೆನ್ನಲಿಲ್ಲ.

ಆಮೇಲೆ ಮಕ್ಕಳ ಕಾಗದಗಳು ಮೂಟೆಗಟ್ಟಲೆ ಬಂದವು. ಬಾಗಿಲು ಹೇಗೆ ತೆರೆಯೋದು, ಒಳಗೆ ಏನಿದೆ? ಉತ್ತರ ಬರೆಯುವ ಕೆಲಸವೂ, ಗ್ರಹಚಾರ ನೋಡಿ, ಅವರ ತಲೆಗೇ ಬಂತು. 'ಒಳಗೆ ಏನೋ ಇದೆ ಪುಟ್ಟ. ಹೊತ್ತು ಬಂದಾಗ ತೆರೆಯುತ್ತೆ. ಇಂತಿ, ಆಟದಕ್ಕ.' ಒಂದೇ ಸುಳ್ಳನ್ನು ನಾನೂರು ಸಲ, ದುಂಡನೆಯ ಅಕ್ಷರದಲ್ಲಿ ಬರೆದರು. ಕೊನೆಗೆ ಕಂಪನಿಯೂ ಅದನ್ನೇ ನಂಬಿತು. ಟೀ ಶರ್ಟಿನ ಮೇಲೆ ಕೆಂಪು ಬಾಗಿಲು ಬಂತು. ಇಪ್ಪತ್ತೈದನೇ ವರ್ಷದ ಪುಸ್ತಕದಲ್ಲಿ ಅದಕ್ಕೆಂದೇ ಒಂದು ಅಧ್ಯಾಯ, ಮುಚ್ಚಿದ ಬಾಗಿಲು ಮತ್ತು ಬದುಕಿನ ಅರ್ಥ ಅಂತ. ಅದನ್ನು ಓದಿದ ದಿನ ಚುಕ್ಕಿ ಮೇಡಂಗೆ ಊಟ ಸೇರಲಿಲ್ಲ.

ಹೀಗಿರುವಾಗ ಒಬ್ಬ ಲಿಫ್ಟ್ ರಿಪೇರಿಯವನು ಬಂದ. ಬಂದದ್ದು ಲಿಫ್ಟಿಗಲ್ಲ. ಏಳು ವರ್ಷ, ರಜೆ ಸಿಕ್ಕಾಗಲೆಲ್ಲ ಕೂತು, ಅವನೇ ಒಂದು ಆಟ ಮಾಡಿದ್ದ. ಅದರಲ್ಲಿ ಛತ್ರಿ ಅಜ್ಜಿಯನ್ನೂ ಅದೇ ಕಂಪನಿಯ ಇನ್ನೊಂದು ಹಳೇ ಆಟದ 'ಕೀಲಿ ಭಾವ'ನನ್ನೂ ಒಟ್ಟಿಗೆ ತಂದಿದ್ದ. ಕೀಲಿ ಭಾವ ಅಂದರೆ ಎಂಥ ಬೀಗವನ್ನೂ ತೆರೆಯುವ ಆಸಾಮಿ, ಮಹಾ ಬಾಯಿಬಡುಕ. ಹಳೇ ಕಾಲದ ಹಾಗೇ ಹದಿನಾರು ಬಣ್ಣ, ಅದೇ ಕೀಂಕೀಂ ಸಂಗೀತ. ಕೇಳದೇ ತನ್ನ ಪಾತ್ರಗಳನ್ನು ಬಳಸಿದ್ದಕ್ಕೆ ಕಂಪನಿ ವಕೀಲರ ನೋಟಿಸು ಕಳಿಸಬೇಕಿತ್ತು. ಆದರೆ ಮ್ಯಾನೇಜರ್ ಆ ಆಟವನ್ನು ಹಾಕಿಕೊಂಡು, ಕೋಣೆಯ ಬಾಗಿಲು ಮುಚ್ಚಿ, ಮೂರು ಗಂಟೆ ಹೊರಗೇ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು. "ಕೋರ್ಟೂ ಬೇಡ ಗೀರ್ಟೂ ಬೇಡ. ನಮ್ಮ ಹೆಸರಲ್ಲೇ ಬಿಡೋಣ" ಎಂದರು.

ಮೀಟಿಂಗಿಗೆ ರಿಪೇರಿಯವನು ಸ್ಪ್ಯಾನರಿನ ಚೀಲದ ಸಮೇತ ಬಂದು ಕುರ್ಚಿಯ ತುದಿಯಲ್ಲಿ ಕೂತ. ಎದುರಿಗೆ ಮ್ಯಾನೇಜರ್, ಪಕ್ಕದಲ್ಲಿ ಚುಕ್ಕಿ ಮೇಡಂ.

"ಎಲ್ಲಾ ಮುಗಿದಿದೆ ಸಾರ್, ಒಂದು ಬಿಟ್ಟು" ಎಂದ. "ಭಾವ ಕೀಲಿ ತಿರುಗಿಸ್ತಾನೆ, ಕೆಂಪು ಬಾಗಿಲು ತೆರೆಯುತ್ತೆ. ಒಳಗೆ ಖಾಲಿ ಬಿಟ್ಟಿದೀನಿ. ಏನಿದೆ ಅಂತ ನಿಮಗಲ್ವಾ ಗೊತ್ತಿರೋದು?"

ಅವನು ಪರ್ಸಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಮಡಿಕೆ ಹರಿದಲ್ಲೆಲ್ಲ ಟೇಪು. ದುಂಡನೆಯ ಅಕ್ಷರ. ಚುಕ್ಕಿ ಮೇಡಂ ತಮ್ಮದೇ ಬರಹವನ್ನು ಗುರುತಿಸಿದರು.

"ಆಗ ನಂಗೆ ಎಂಟು ವರ್ಷ. ಯಾರೋ ಆಟದಕ್ಕ ಅಂತ ಬರೆದಿದ್ರು. ಹೊತ್ತು ಬಂತಾ ಅಂತ ಕೇಳೋಣ ಅಂತ ಬಂದೆ."

"ಒಳಗೆ ಏನೂ ಇಲ್ದೇ ಇದ್ರೆ?" ಚುಕ್ಕಿ ಮೇಡಂ ಬಾಯಿಂದ ಹಾಗೇ ಜಾರಿತು.

"ಛೆ ಛೆ. ನಮ್ಮ ಕೆಲಸದಲ್ಲಿ ಬಾಗಿಲು ಸಿಕ್ಕಿಹಾಕ್ಕೊಂಡಿದೆ ಅಂದ್ರೆ ಒಳಗೆ ಯಾರಾದ್ರೂ ಇದ್ದೇ ಇರ್ತಾರೆ ಮೇಡಂ."

ಮ್ಯಾನೇಜರ್ ಚುಕ್ಕಿ ಮೇಡಂ ಕಡೆ ತಿರುಗಿದರು. "ಹಳೇ ನಕ್ಷೆ ನಿಮ್ಮ ಹತ್ರ ಇರ್ಬೇಕಲ್ಲ ಮೇಡಂ? ಸೋಮವಾರಕ್ಕೆ ಕೊಟ್ಬಿಡಿ."

"ಹುಡುಕ್ತೀನಿ" ಎಂದರು ಚುಕ್ಕಿ ಮೇಡಂ. ಇಲ್ಲದ್ದನ್ನು ಎಲ್ಲಿಂದ ಹುಡುಕೋದು?

ತಮ್ಮ ಜಾಗಕ್ಕೆ ಬಂದು ಬಾಗಿಲ ಒಳಗೆ ಒಂದು ನಿಧಿ ಪೆಟ್ಟಿಗೆ ಬಿಡಿಸಿದರು, ಅಳಿಸಿದರು. ಅರಮನೆ ಬಿಡಿಸಿದರು, ಅಳಿಸಿದರು. ಏನು ಇಟ್ಟರೂ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ, ನಾನೂರ ಒಂದನೇ ಸುಳ್ಳು ಅಷ್ಟೇ. ಆದರೆ ಆ ಟೇಪು ಕಣ್ಣಿಂದ ಹೋಗಲೊಲ್ಲದು. ಪುಣ್ಯಾತ್ಮ, ನನ್ನ ಸುಳ್ಳಿಗೆ ಟೇಪು ಹಚ್ಚಿ ಹಚ್ಚಿ ಕಾಪಾಡಿಕೊಂಡಿದ್ದಾನೆ! ನಾಚಿಕೆಯಿಂದ ಅವರ ಕಣ್ಣು ತುಂಬಿತು. ಮೂಗೊರೆಸಿಕೊಂಡು ಮತ್ತೆ ಚುಕ್ಕಿ ಇಡಲು ಕೂತರು.

ಸೋಮವಾರ ಟಿವಿಯ ಮುಂದೆ ಮೂವರೂ ಸೇರಿದರು. ರಿಪೇರಿಯವನೇ ಆಡಿದ. ಅಜ್ಜಿ ಹಾರಿ ಬಂದಳು, ಭಾವ ಕೀಲಿ ತಿರುಗಿಸಿದ, ಕೆಂಪು ಬಾಗಿಲು ತೆರೆಯಿತು.

ಒಳಗೆ ಒಂದು ಸಣ್ಣ ಆಫೀಸ್ ಕೋಣೆ. ಒಂದು ಮೇಜು. ಮೇಜಿನ ಹಿಂದೆ ಒಬ್ಬ ಹುಡುಗಿ, ಊದಿದ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಕೀಲಿ ಹಿಡಿದು ಕೂತಿದ್ದಳು. ಕೆಳಗೆ ಅಕ್ಷರಗಳು ಒಂದೊಂದಾಗಿ ಮೂಡಿದವು.

'ಇಲ್ಲಿ ಏನೂ ಇರಲಿಲ್ಲ ಪುಟ್ಟ. ಅವತ್ತು ಹಲ್ಲುನೋವು ಅಂತ ಕೀಲಿ ಇಡದೇ ಮನೆಗೆ ಹೋದೆ. ಆಮೇಲೆ ಸುಳ್ಳು ಬರೆದೆ. ತಪ್ಪಾಯ್ತು. ಇಂತಿ, ಆಟದಕ್ಕ.'

ಮ್ಯಾನೇಜರ್ ಟಿವಿ ಬಿಟ್ಟು ಚುಕ್ಕಿ ಮೇಡಂ ಕಡೆ ತಿರುಗಿದರು.

"ಅಂದ್ರೆ, ಆ ರಹಸ್ಯ?"

"ಹಲ್ಲುನೋವು."

"ಪುಸ್ತಕದಲ್ಲಿ ಒಂದು ಅಧ್ಯಾಯ ಇದೆಯಲ್ಲ?"

"ಅದೂ ಹಲ್ಲುನೋವೇ ಸಾರ್."

ಮ್ಯಾನೇಜರ್ ತಲೆ ಕೆರೆದುಕೊಂಡರು. "ಬೇರೆ ಏನಾದ್ರೂ ಹಾಕೋಣ. ನಮ್ಮ ಕಂಪನಿ ಲೋಗೋನಾದ್ರೂ..."

"ಬೇಡ ಸಾರ್" ಎಂದ ರಿಪೇರಿಯವನು. "ಇದೇ ಇರ್ಲಿ. ಇಲ್ಲಾಂದ್ರೆ ನನ್ನ ಆಟ ನಂಗೆ ವಾಪಸ್ ಕೊಟ್ಬಿಡಿ."

ಅವನು ಕಾಗದವನ್ನು ಮಡಿಚಿ ಪರ್ಸಿನಲ್ಲಿಟ್ಟುಕೊಂಡ. ಚುಕ್ಕಿ ಮೇಡಂ ಬೈಗುಳಕ್ಕೆ ಸಿದ್ಧವಾಗಿ ತಲೆ ತಗ್ಗಿಸಿ ನಿಂತಿದ್ದರು.

"ನಂಗೇ ಸರಿಯಾಗಿ ಆಡೋಕೆ ಬರಲ್ಲ ಅಂದ್ಕೊಂಡಿದ್ದೆ ಅಕ್ಕಾ" ಎಂದ. "ಇಷ್ಟು ವರ್ಷ."

ಅವನು ಚೀಲ ಹೆಗಲಿಗೇರಿಸಿ ಬಾಗಿಲ ತನಕ ಹೋಗಿ ತಿರುಗಿ ನಿಂತ.

"ಹಲ್ಲು ಈಗ ಹೇಗಿದೆ?"

"ಆಗಲೇ ಕೀಳಿಸಿಬಿಟ್ಟೆ ಕಣಪ್ಪ."

"ಒಳ್ಳೇದಾಯ್ತು" ಎಂದು ಅವನು ಮೆಟ್ಟಿಲಿಳಿದು ಹೋದ.