ಹದಿನಾಲ್ಕು ಮನೆಗೆ ಒಂದೇ ಒಲೆ

"ನೀನು ಉಸಿರಾಡ್ತಿದ್ರೂ ಒಂದೇ, ಹೆಣ ಆಗಿ ಬಿದ್ದಿದ್ರೂ ಒಂದೇ, ಅರ್ನೆಸ್ಟೀನ್. ಒಂದನೇ ತಾರೀಕು ಸರ್ಕಾರ ನನ್ನ ಖಾತೆಗೆ ದುಡ್ಡು ಹಾಕೇ ಹಾಕುತ್ತೆ. ಥೂ, ಏನಿದು ನಾತ? ನೀವೇನು ಸ್ನಾನದ ತೊಟ್ಟೀಲೇ ಹೇಲ್ತೀರಾ?"

ಮನೆಯ ಮಾಲೀಕ ಹ್ಯಾಲರ್ಟನ್ ಅಡುಗೆಮನೆಯ ಬಾಗಿಲಲ್ಲಿ ಕೋಟಿನ ಕಾಲರನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದ. ಅಮ್ಮ ನೆಲದ ಮೇಲೆ ಮೊಣಕಾಲೂರಿ ಬ್ಲೀಚಿನ ನೀರಿನಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವಳಿಗೆ ಐವತ್ತೆಂಟು ವರ್ಷ, ಅವನಿಗೆ ಮೂವತ್ತೈದು.

"ಮೇಲಿನ ಮನೆಯವರದ್ದು, ಮಿಸ್ಟರ್ ಹ್ಯಾಲರ್ಟನ್. ಅವರು ನೀರು ಬಿಟ್ರೆ ನಮ್ಮ ತೊಟ್ಟಿ ತೂತಿಂದ ಉಕ್ಕುತ್ತೆ. ಏಳು ಸಲ ಹೇಳಿದೀನಿ ನಿಮಗೆ."

"ಎಂಟನೇ ಸಲ ಹೇಳ್ಬೇಡ. ಇವತ್ತಂತೂ ಹೇಳ್ಲೇಬೇಡ."

ಅಂದು ವಸತಿ ಕಚೇರಿಯಿಂದ ಮನೆ ತಪಾಸಣೆಗೆ ಬರುವ ದಿನ. ಬೆಳಗಿನ ಜಾವ ನಾವಿಬ್ಬರೂ ತೊಟ್ಟಿಯಿಂದ ಹನ್ನೊಂದು ಬಕೆಟ್ ಮಲ ಮೊಗೆದು ಹಿತ್ತಿಲ ಚರಂಡಿಗೆ ಸುರಿದಿದ್ದೆವು. ಆಮೇಲೆ ಅಮ್ಮ ತೂತಿಗೆ ರಬ್ಬರ್ ಬಿರಡೆ ಒತ್ತಿ, ತೊಟ್ಟಿಗೆ ಸೋಪಿನ ನೀರು ತುಂಬಿ, ಹೊದಿಕೆಗಳನ್ನು ನೆನೆಹಾಕಿದ್ದಳು. ಮಾಲೀಕನ ತಪ್ಪನ್ನು ಮುಚ್ಚಿಡುವ ಕೆಲಸವೂ ಬಾಡಿಗೆಯವರದ್ದೇ. ತಪಾಸಣೆಯಲ್ಲಿ ಮನೆ ಫೇಲಾದರೆ ಕಚೇರಿ ಅವನ ಹಣವನ್ನು ನಿಲ್ಲಿಸುತ್ತದೆ. ಅವನು ರಿಪೇರಿ ಮಾಡಿಸುವುದಿಲ್ಲ. ನಮ್ಮ ಕೈಗೆ ಬೇರೆ ಮನೆ ಹುಡುಕಿಕೊಳ್ಳಲು ತೊಂಬತ್ತು ದಿನಗಳ ಬಾಡಿಗೆ ಚೀಟಿ, ಅಂದರೆ ಬಾಡಿಗೆಯ ದೊಡ್ಡ ಪಾಲನ್ನು ಸರ್ಕಾರವೇ ಕಟ್ಟುತ್ತದೆಂಬ ಕಾಗದ, ಬರುತ್ತದೆ. ಅಷ್ಟರೊಳಗೆ ಸಿಗದಿದ್ದರೆ ಚೀಟಿ ರದ್ದು. ಕಳೆದ ಸಲ ನಾವು ಎಂಬತ್ತೆಂಟನೆಯ ದಿನ ಈ ಮನೆ ಕಂಡವರು. ಅದಕ್ಕೆ ಮೊದಲು ಅರವತ್ತಮೂರು ಬಾಗಿಲುಗಳಲ್ಲಿ ಕೇಳಿದ್ದು ಒಂದೇ ಮಾತು: ಚೀಟಿಯವರಿಗೆ ಕೊಡುವುದಿಲ್ಲ.

"ಎಲ್ಲಿ ನನ್ನ ನೂರು?" ಎಂದ ಹ್ಯಾಲರ್ಟನ್.

ಅವನಿಗೆ ನಮ್ಮ ಹೆಸರಿನಲ್ಲಿ ಹಣ ಮೂರು ದಾರಿಗಳಿಂದ ಹೋಗುತ್ತಿತ್ತು. ದೊಡ್ಡ ಪಾಲನ್ನು ಕಚೇರಿ ನೇರವಾಗಿ ಅವನ ಬ್ಯಾಂಕಿಗೆ ತುಂಬುತ್ತಿತ್ತು. ಅದನ್ನು ನಾವು ಕಣ್ಣಿನಿಂದಲೂ ಕಂಡವರಲ್ಲ. ಕರಾರಿನಲ್ಲಿ ಬರೆದ ನಮ್ಮ ಚಿಕ್ಕ ಪಾಲನ್ನು ಅಮ್ಮ ಅಂಚೆ ಕಚೇರಿಯಲ್ಲಿ ಮನಿ ಆರ್ಡರ್ ಮಾಡಿಸಿ ಕೊಡುತ್ತಿದ್ದಳು. ಮೂರನೆಯದು ಯಾವ ಕಾಗದದಲ್ಲೂ ಇಲ್ಲದ ನೂರು ಡಾಲರ್. ಅದನ್ನು ಕೇಳುವುದು ಅಪರಾಧ. ಕೊಟ್ಟವರ ಚೀಟಿಯೂ ರದ್ದಾಗುತ್ತದೆಂದು ಅವನು ಮೊದಲ ದಿನವೇ ನಗುತ್ತ ತಿಳಿಸಿದ್ದ.

ಅಮ್ಮ ಕೈ ಒರೆಸಿಕೊಂಡು ನೋಟುಗಳನ್ನು ಚಾಚಿದಳು.

"ಕೈಗೆ ಕೊಡ್ಬೇಡ. ಮೇಜಿನ ಮೇಲಿಡು."

ಅವನು ಕಾಗದದ ಟವೆಲಿನ ತುಂಡಿನಿಂದ ನೋಟುಗಳನ್ನು ಎತ್ತಿ, ಸತ್ತ ಇಲಿಯನ್ನು ಸುತ್ತುವಂತೆ ಸುತ್ತಿ, ಜೇಬಿಗಿಟ್ಟುಕೊಂಡು ಹೊರಟುಹೋದ.

ಅಷ್ಟರಲ್ಲಿ ಅವನ ಕೆಲಸದಾಳು ಡೂಲಿ ಕೈಗಾಡಿಯ ಮೇಲೆ ಒಲೆಯನ್ನು ತಳ್ಳಿಕೊಂಡು ಬಂದ. ನಮ್ಮ ಮನೆಯ ಒಲೆಯಲ್ಲಿ ಎರಡು ಉರಿ ಹತ್ತುತ್ತಿರಲಿಲ್ಲ, ಗ್ಯಾಸ್ ಸೋರುತ್ತಿತ್ತು. ಅದನ್ನು ಹಿತ್ತಿಲ ಜಗಲಿಗೆ ಎಳೆದು, ತಂದದ್ದನ್ನು ಅದರ ಜಾಗದಲ್ಲಿಟ್ಟ. ಬಿಳಿ ಒಲೆ, ನಾಲ್ಕು ಉರಿ, ಎಡಮಗ್ಗುಲಿಗೆ ಅಂಗೈಯಗಲದ ಗುಳಿ. ಹ್ಯಾಲರ್ಟನ್‌ಗೆ ಹದಿನಾಲ್ಕು ಮನೆ. ನೆಟ್ಟಗಿದ್ದ ಒಲೆ ಇದೊಂದೇ.

ಅಮ್ಮ ಒಲೆಯ ಗೂಡನ್ನು ತೆರೆದಳು. ಒಳಗೆ ಯಾರದೋ ಮನೆಯ ಸಿಹಿಗೆಣಸು ಉಕ್ಕಿ ಕರಕಲಾಗಿತ್ತು. ಜಿಡ್ಡಿನಲ್ಲಿ ಮೂರು ಜಿರಳೆಗಳು ಅಂಟಿಕೊಂಡು ಸತ್ತಿದ್ದವು.

"ಇದು ಯಾರ ಮನೇದು ಡೂಲಿ?"

"ಮೊನ್ನೆ ಎಂಬತ್ತೆಂಟನೇ ಬೀದೀಲಿತ್ತು. ಇವತ್ತು ಎರಡು ಗಂಟೆಗೆ ಕ್ಲಿಯೋಥಾ ಮನೇಲಿ ತಪಾಸಣೆ, ಅಲ್ಲಿಗೆ ಹೋಗ್ಬೇಕು. ಹನ್ನೆರಡೂವರೆಗೆ ಬರ್ತೀನಿ, ಬಿಸಿಬಿಸಿ ಇಡ್ಬೇಡಮ್ಮ, ಮೊನ್ನೆ ಕೈ ಸುಟ್ಕೊಂಡೆ."

ಅಮ್ಮ ಚಾಕುವಿನಿಂದ ಜಿರಳೆಗಳನ್ನು ಕೆರೆದಳು.

ತಪಾಸಣೆಯ ಮಿಸ್ ಪ್ರುಯಿಟ್ ಹತ್ತು ಗಂಟೆ ಐದು ನಿಮಿಷಕ್ಕೆ ಬಂದಳು. ಕಿಟಕಿಗಳನ್ನು ಎತ್ತಿ ಇಳಿಸಿದಳು. ಹೊಗೆಯೆದ್ದರೆ ಕೂಗುವ ಗಂಟೆಯ ಗುಂಡಿ ಒತ್ತಿದಳು. ಒಲೆಯ ನಾಲ್ಕು ಉರಿಗಳನ್ನೂ ಹೊತ್ತಿಸಿ ಆರಿಸಿದಳು. ಬಳಿಕ ಬಗ್ಗಿ ಎಡಮಗ್ಗುಲಿನ ಗುಳಿಯನ್ನು ಪೆನ್ನಿನ ಹಿಂಬದಿಯಿಂದ ತಟ್ಟಿದಳು.

"ಈ ಗುಳಿ ನನಗೆ ಪರಿಚಯ. ಈ ತಿಂಗಳಲ್ಲಿ ನಾಲ್ಕನೇ ಸಲ ನೋಡ್ತಿದೀನಿ."

ನಾನು ಹೇಳಿದೆ: "ಹಂಗಾದ್ರೆ ಅದನ್ನೇ ಬರೀರಿ, ಮೇಡಂ."

"ಏನಂತ ಬರೀಲಿ ಮರಿ? ಒಲೆ ಇದೆಯಾ, ಇಲ್ವಾ, ಉರಿಯುತ್ತಾ, ಇಲ್ವಾ. ಫಾರಂ ಕೇಳೋದು ಇಷ್ಟೇ. ಒಲೆಗೆ ಕಾಲು ಬಂದು ಊರು ಸುತ್ತುತ್ತಾ ಅಂತ ಕೇಳಲ್ಲ." ಗುರುತು ಹಾಕಿ ಅವಳು ಸ್ನಾನದ ಮನೆಗೆ ಹೋದಳು. ನೆನೆಹಾಕಿದ ಹೊದಿಕೆಗಳನ್ನು ನೋಡಿದಳು. ಮೂಗು ಸಣ್ಣಗೆ ಅದುರಿತು. "ಇದನ್ನ ಎತ್ತಿ ನೋಡ್ಲಾ, ಮಿಸ್ ಅರ್ನೆಸ್ಟೀನ್? ನೀವು ಎತ್ತಿ ಅಂದ್ರೆ ಎತ್ತುತೀನಿ. ಆಮೇಲೆ ಏನಾಗುತ್ತೆ ಅಂತ ನಿಮಗೆ ಗೊತ್ತು."

ಅಮ್ಮ ಹೊದಿಕೆಗಳನ್ನೇ ನೋಡುತ್ತ ನಿಂತಳು.

"ಬೇಡ," ಎಂದಳು.

ಮನೆ ಪಾಸಾಯಿತು. ಬಾಗಿಲು ಮುಚ್ಚಿದ ಮೇಲೆ ಅಮ್ಮ ಅಡುಗೆಮನೆಯ ಸಿಂಕಿಗೆ ಬಗ್ಗಿ ವಾಂತಿ ಮಾಡಿದಳು. ನಾನು ಬೆನ್ನು ಸವರಿದೆ.

"ನಾತಕ್ಕಲ್ಲ ಕಣೇ. ನನ್ನ ಬಾಯಿಂದಾನೇ ಬೇಡ ಅನ್ನಿಸಿದ್ಲಲ್ಲ. ಬೇರೆಯವರ ಹೇಲನ್ನ ನಂದು ಅಂತ ಒಪ್ಕೊಂಡಂಗಾಯ್ತು."

ಬಾಯಿ ಮುಕ್ಕಳಿಸಿ ಒಲೆಯ ಮುಂದೆ ಕುಳಿತು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಎದ್ದು ಮನೆಯಲ್ಲಿದ್ದದ್ದನ್ನೆಲ್ಲ ಹೊರತೆಗೆದಳು. ಒಂದು ಉರಿಯ ಮೇಲೆ ಹಂದಿಯ ಕತ್ತಿನ ಮೂಳೆ, ಇನ್ನೊಂದರ ಮೇಲೆ ಕಾಲರ್ಡ್ ಸೊಪ್ಪು, ಮೂರನೆಯದರಲ್ಲಿ ಅಲಸಂದೆ ಕಾಳು, ನಾಲ್ಕನೆಯದರಲ್ಲಿ ಬರಿಯ ನೀರು. ಗೂಡಿನೊಳಗೆ ಜೋಳದ ಹಿಟ್ಟಿನ ರೊಟ್ಟಿ. ಗೂಡಿನದೂ ಸೇರಿ ಐದು ಉರಿಗಳನ್ನೂ ಪೂರ್ತಿ ತಿರುಗಿಸಿದಳು. ಬಳಿಕ ಕ್ಲಿಯೋಥಾಗೆ ಫೋನು ಹಚ್ಚಿದಳು; ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು.

ಕ್ಲಿಯೋಥಾ ಅಮ್ಮನ ಚರ್ಚಿನ ಗೆಳತಿ. ಒಂಬತ್ತು ಬೀದಿಗಳಾಚೆ ಹ್ಯಾಲರ್ಟನ್‌ನದೇ ಇನ್ನೊಂದು ಮನೆಯಲ್ಲಿದ್ದಳು. ಎರಡು ವರ್ಷದಿಂದ ಅವಳ ಅಡುಗೆಯೆಲ್ಲ ಕರೆಂಟಿನಲ್ಲಿ ಕಾಯುವ ಒಂದು ಬಿಸಿತಟ್ಟೆಯ ಮೇಲೆ. ಅವಳ ಮನೆಯಲ್ಲಿ ಒಲೆಯ ಜಾಗ ಖಾಲಿ.

"ಸಿಸ್ಟರ್, ಆ ಒಲೆ ಇವತ್ತು ನಿನ್ನ ಮನೆಗೆ ಬರಲ್ಲ. ನಾನು ಬಿಡ್ತಿಲ್ಲ. ಇದೆಯೋ ಇಲ್ವೋ ಅನ್ನೋದಷ್ಟೇ ಬರೀತಾರಂತೆ. ನಿನ್ನ ಮನೇಲಿ ಇಲ್ಲ ಅಂತ ಬರೀಲಿ, ಅವನ ದುಡ್ಡು ನಿಲ್ಲಲಿ, ನೋಡೋಣ."

"ನನ್ನ ಮನೆ ಫೇಲಾಗುತ್ತಲ್ಲೇ, ಅರ್ನೆಸ್ಟೀನ್."

"ಆಗುತ್ತೆ."

"ಚೀಟಿ ಹೋದ್ರೆ?"

"ಹೋಗಬಹುದು. ಸುಳ್ಳು ಹೇಳಲ್ಲ ನಿನಗೆ. ನೀನು ಬೇಡ ಅಂದ್ರೆ ಈಗ್ಲೇ ಆರಿಸ್ತೀನಿ."

ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಪೂರ್ತಿ ಬಂದುದನ್ನು ನಾನು ನೋಡಿದೆ.

"ಏನು ಬೇಯಿಸ್ತಿದೀಯ?" ಎಂದಳು ಕ್ಲಿಯೋಥಾ.

"ಕತ್ತಿನ ಮೂಳೆ."

"ಅದು ಬೇಗ ಬೇಯೋದಲ್ಲ. ಅವಸರ ಮಾಡ್ಬೇಡ."

ಹನ್ನೆರಡೂವರೆಗೆ ಡೂಲಿ ಬಂದ. ಒಲೆಯ ಮಗ್ಗುಲಿಗೆ ಬೆರಳು ತಾಗಿಸಿ ಹಿಂತೆಗೆದ. ಅಮ್ಮನ ಮುಖ ನೋಡಿದ. ಕೈಗಾಡಿಯನ್ನು ಗೋಡೆಗೊರಗಿಸಿ ಮಾಲೀಕನಿಗೆ ಫೋನು ಮಾಡಿದ. ಹ್ಯಾಲರ್ಟನ್ ಬರುವಾಗ ಒಂದೂ ನಲವತ್ತು.

"ಆರಿಸೇ ಅದನ್ನ, ಬೋಸುಡಿ."

ಅಮ್ಮ ಕುರ್ಚಿಯನ್ನು ಒಲೆಗೆ ಆನಿಸಿ ಕುಳಿತಿದ್ದಳು. ಕೈಯಲ್ಲಿ ಕುದಿಯುವ ನೀರಿನ ಸೌಟು.

"ಊಟ ಇನ್ನೂ ಬೆಂದಿಲ್ಲ."

"ನಾಳೆನೇ ನಿನ್ನ ಸಾಮಾನು ಹಿಮದ ಮೇಲೆ ಎಸೀತೀನಿ."

"ಇವತ್ತೇ ಎಸಿ. ಬಾ, ಮೊದಲು ಇದನ್ನ ಎತ್ತು. ಮುಟ್ಟು ನೋಡೋಣ."

ಮೂರು ವರ್ಷಗಳಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಹ್ಯಾಲರ್ಟನ್ ಡೂಲಿಯ ಕಡೆ ತಿರುಗಿದ. "ಕೆಳಗೆ ಹೋಗಿ ಗ್ಯಾಸ್ ಮುಚ್ಚೋ."

"ಮುಚ್ಚಿದ್ರೆ ಇಡೀ ಮನೆ ಹೀಟರ್ ಆರಿಹೋಗುತ್ತೆ, ಸಾರ್. ಮೇಲೆ ಹಸುಗೂಸಿದೆ," ಎಂದ ಡೂಲಿ, ನೆಲ ನೋಡುತ್ತ. "ಮುಚ್ಚಿದ್ರೂ ಈ ಕಬ್ಬಿಣ ತಣ್ಣಗಾಗೋಕೆ ಮುಕ್ಕಾಲು ಗಂಟೆ ಬೇಕು."

ಹ್ಯಾಲರ್ಟನ್ ಒಂದು ಹೆಜ್ಜೆ ಮುಂದಿಟ್ಟ. ಸೌಟಿನಿಂದ ಒಂದು ಹನಿ ಅವನ ಬೂಟಿನ ಮುಂದೆ ಬಿದ್ದು ಹಬೆಯಾಡಿತು. ಅವನು ಅಲ್ಲಿಯೇ ನಿಂತ. ಸ್ನಾನದ ಮನೆಯಿಂದ ಗುಳುಗುಳು ಸದ್ದು ಕೇಳಿಸಿತು. ಮೇಲಿನವರು ನೀರು ಬಿಟ್ಟಿದ್ದರು. ತೆರೆದ ಬಾಗಿಲಾಚೆ ಬಿರಡೆ ಕಿತ್ತು ಹೊದಿಕೆಗಳ ನಡುವೆ ಕಂದು ನೀರು ಏರತೊಡಗಿತು. ನಾತ ಅಡುಗೆಮನೆಯ ಸೊಪ್ಪಿನ ಹಬೆಯೊಡನೆ ಬೆರೆಯಿತು. ಯಾರೂ ಅತ್ತ ಹೋಗಲಿಲ್ಲ.

ಎರಡು ಗಂಟೆ ಆರು ನಿಮಿಷಕ್ಕೆ ಫೋನು ಬಡಿಯಿತು. ನಾನು ಗುಂಡಿ ಒತ್ತಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ. ಕ್ಲಿಯೋಥಾ ನಮ್ಮೊಡನೆ ಮಾತನಾಡಲಿಲ್ಲ. ಫೋನು ತೆರೆದಿಟ್ಟಿದ್ದಳು, ಅಷ್ಟೇ. ಕಿಟಕಿ ಎತ್ತಿ ಇಳಿಸಿದ ಸದ್ದು. ಹೊಗೆ ಗಂಟೆಯ ಕಿರುಚು. ನಂತರ ಮಿಸ್ ಪ್ರುಯಿಟ್‌ಳ ದನಿ.

"ಒಲೆ ಎಲ್ಲಿ?"

"ಇಲ್ಲ."

"ರಿಪೇರಿಗೆ ಹೋಗಿದೆಯಾ? ಬರುತ್ತೆ ಅಂತಾದ್ರೆ ಅರ್ಧ ಗಂಟೆ ಕಾಯ್ತೀನಿ, ಮಿಸ್ ಕ್ಲಿಯೋಥಾ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ಎರಡು ವರ್ಷದಿಂದ ಇಲ್ಲ. ಇಲ್ಲ ಅಂತ ಬರೀರಿ."

ಮುಂದೆ ಏನೂ ಕೇಳಿಸಲಿಲ್ಲ. ಹ್ಯಾಲರ್ಟನ್ ಮೇಜಿನ ಮೇಲೆ ಎರಡು ಕೈಗಳನ್ನೂ ಊರಿ ಫೋನಿನ ಮೇಲೆ ಬಗ್ಗಿದ.

"ಬರೆದ್ಲಾ?" ಎಂದ.

ಅಮ್ಮ ಮೂಳೆಯ ಪಾತ್ರೆಯ ಮುಚ್ಚಳ ಎತ್ತಿ, ಫೋರ್ಕಿನಿಂದ ಚುಚ್ಚಿ ನೋಡಿ, ಮತ್ತೆ ಮುಚ್ಚಿದಳು.