ನೆಲಕ್ಕೆ ಒತ್ತದ ಚೆಂಡು

ನಮ್ಮ ಊರಿನಲ್ಲಿ ಫುಟ್‌ಬಾಲ್ ಬಿಟ್ಟರೆ ಬೇರೆ ಆಟವಿಲ್ಲ, ಬೇರೆ ಮಾತೂ ಇಲ್ಲ. ಊರಿನ ಕ್ಲಬ್ಬು ಸೋತ ಮರುದಿನ ಬ್ಯಾಂಕಿನ ಗುಮಾಸ್ತ ಮುಖ ಊದಿಸಿಕೊಂಡು ಕೂತಿರುತ್ತಾನೆ, ಹಲ್ಲಿನ ಡಾಕ್ಟರು ಯಾವ ಹಲ್ಲು ಕೀಳಬೇಕೆಂದು ಎರಡೆರಡು ಸಲ ಕೇಳುತ್ತಾನೆ. ಗೆದ್ದ ಮರುದಿನ ಇಬ್ಬರೂ ಕೆಲಸಕ್ಕೇ ಬರುವುದಿಲ್ಲ. ಇಂಥ ಊರಿನಲ್ಲಿ ನಮ್ಮ ಯಜಮಾನರು ರಗ್ಬಿ ಲೀಗ್ ಬೆಳೆಸಲು ಹೊರಟರು. ವೃತ್ತಿಯಲ್ಲಿ ಅವರು ಪ್ಲಂಬರ್. ಊರಿನ ಅರ್ಧ ನಲ್ಲಿಗಳು ತೊಟ್ಟಿಕ್ಕುತ್ತಿವೆ. ಅವನ್ನು ಬಿಗಿ ಮಾಡಿಕೊಂಡು ಸುಮ್ಮನಿದ್ದಿದ್ದರೆ ಜನ ಕೈಮುಗಿಯುತ್ತಿದ್ದರು.

ಮದುವೆಗೆ ಮುಂಚೆ ಅವರು ದೂರದ ಇನ್ನೊಂದು ನಗರಕ್ಕೆ ದೊಡ್ಡ ಪೈಪು ಹೂಳುವ ಕೆಲಸಕ್ಕೆ ಹೋಗಿದ್ದರು. ಅಲ್ಲಿನ ಕೆಲಸಗಾರರು ರಜಾದಿನಗಳಲ್ಲಿ ಈ ಆಟ ಆಡುತ್ತಿದ್ದರಂತೆ. ಬೇರೆ ಗಂಡಸರು ದೂರದೂರಿನಿಂದ ಬರುವಾಗ ಮದುವೆಯಾಗುವ ಹುಡುಗಿಗೆ ಏನಾದರೂ ತರುತ್ತಾರೆ. ಇವರು ಎರಡೂ ಕಡೆ ಚೂಪಾದ ಒಂದು ಚೆಂಡು ತಂದರು. ಅದು ನನಗೇ ಇರಬೇಕೆಂದು ಆಗ ಎತ್ತಿಟ್ಟುಕೊಂಡಿದ್ದೆ. ಅಷ್ಟು ಪೆದ್ದಿಯಾಗಿದ್ದೆ.

ನಿಯಮಗಳನ್ನು ಅವರು ಊಟದ ಮೇಜಿನ ಮೇಲೆ ಚಮಚ, ಲೋಟಗಳನ್ನು ಸಾಲಾಗಿಟ್ಟು ವಿವರಿಸುತ್ತಿದ್ದರು. ಒಂದೊಂದು ಕಡೆ ಹದಿಮೂರು ಜನ. ಚೆಂಡನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬೇಕು, ಆದರೆ ಜೊತೆಗಾರನ ಕಡೆ ಎಸೆಯುವಾಗ ಹಿಂದಕ್ಕೇ ಎಸೆಯಬೇಕು. ಆರು ಸಲ ಹಿಡಿದು ಕೆಡವಿದರೆ ಚೆಂಡು ಎದುರಿನವರ ಪಾಲು. ಕೊನೆಯ ಗೆರೆ ದಾಟಿದರೆ ಸಾಲದು. ದಾಟಿದ ಮೇಲೆ ಚೆಂಡನ್ನು ಕೈಯಾರೆ ನೆಲಕ್ಕೆ ಒತ್ತಬೇಕು, ಆಗಲೇ ಅಂಕ. ಅದಕ್ಕೆ ಟ್ರೈ ಎನ್ನುತ್ತಾರೆ.

ನಮ್ಮ ಅತ್ತೆ ತಟ್ಟೆಯಿಂದ ತಲೆ ಎತ್ತಿ, "ಮುಂದೆ ಹೋಗೋಕೆ ಹಿಂದಕ್ಕೆ ಎಸೀಬೇಕಾ? ನಿನ್ನ ಸಂಸಾರ ನಡೆದ ಹಾಗೇ ಇದೆ ಕಣೋ ಈ ಆಟ" ಅಂದರು.

ಅತ್ತೆ ಕ್ಲಬ್ಬಿನ ಕಟ್ಟಾ ಅಭಿಮಾನಿ. ಮೊಣಕಾಲು ಕೈಕೊಟ್ಟ ಮೇಲೂ ಸ್ಟೇಡಿಯಂನ ಮೆಟ್ಟಿಲು ಹತ್ತುವುದನ್ನು ಬಿಟ್ಟಿಲ್ಲ. ರೆಫರಿಯನ್ನು ಬೈಯುವುದರಲ್ಲಿ ಅವರನ್ನು ಮೀರಿಸುವವರು ಆ ಸಾಲಿನಲ್ಲಿ ಯಾರೂ ಇಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಇನ್ನೊಂದು ಆಟ ಹಿಡಿದದ್ದು ಅವರಿಗೆ ಮನೆತನಕ್ಕೆ ಬಂದ ಅವಮಾನ. ನನಗೆ ಎರಡೂ ಆಟಗಳ ಮೇಲೆ ಪ್ರೀತಿಯಿರಲಿಲ್ಲ. ನಾನು ಟೈಲರ್. ಯಾರು ಗೆದ್ದರೂ ಹರಿದ ಬಟ್ಟೆ ನನ್ನ ಮೆಷಿನ್ನಿಗೇ ಬರುತ್ತದೆ.

ತಂಡ ಎಂದು ಅವರು ಸೇರಿಸಿದ್ದು ಯಾರನ್ನು ಅಂತೀರಿ. ಫುಟ್‌ಬಾಲು ಬೇಡವೆಂದು ತಳ್ಳಿದವರನ್ನೆಲ್ಲ. ಗೋಲಿನ ಬಾಗಿಲಿಗಿಂತ ಅಗಲವಾಗಿದ್ದೂ ಒಂದು ಚೆಂಡನ್ನೂ ತಡೆಯಲಾಗದ ಬೇಕರಿಯವನು, ಸಿಟ್ಟು ಬಂದರೆ ಕೈಯೆತ್ತುವ ಟೈರ್ ಅಂಗಡಿಯ ಅಣ್ಣತಮ್ಮಂದಿರು, ಶವಾಗಾರದಲ್ಲಿ ಕೆಲಸ ಮಾಡುವ ಒಬ್ಬ ಮೌನಿ, ಇಂಥವರು. ಇವರ ನಡುವೆ ನಿಜವಾಗಿ ಓಡಬಲ್ಲವನು ಒಬ್ಬನೇ. ಅವನನ್ನು ಎಲ್ಲರೂ ಗಾಳಿ ಎಂದು ಕರೆಯುತ್ತಿದ್ದರು. ಕ್ಲಬ್ಬಿನವರು ಅವನನ್ನು ಕರೆದುಕೊಂಡು, ವರ್ಷಗಟ್ಟಲೆ ಬೆಂಚಿನ ಮೇಲೆ ಕೂರಿಸಿ, ಒಂದು ದಿನವೂ ಆಡಿಸದೆ ಕಳಿಸಿಬಿಟ್ಟಿದ್ದರು. ಈಗ ಅವನು ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ.

ಅಭ್ಯಾಸ ನೋಡಿದರೆ ನಗು ಬರುತ್ತಿತ್ತು. ಚೆಂಡು ಕೈಜಾರಿದರೆ ಬಗ್ಗಿ ಎತ್ತಿಕೊಳ್ಳುವ ಬದಲು ಎಲ್ಲರ ಕಾಲೂ ತಾನಾಗಿ ಮುಂದೆ ಬಂದು ಒದೆಯುತ್ತಿತ್ತು. ಯಾರಾದರೂ ಹಿಡಿದು ಕೆಡವಿದರೆ ಮೊಣಕಾಲು ಹಿಡಿದುಕೊಂಡು ಉರುಳಾಡಿ, ಕೆಡವಿದವನಿಗೆ ಹಳದಿ ಕಾರ್ಡು ಕೊಡುತ್ತಾರೇನೋ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ನಮ್ಮ ಯಜಮಾನರು ಸೊಂಟಕ್ಕೆ ಕೈಕೊಟ್ಟು ನಿಂತು, "ಏಳ್ರಪ್ಪ, ಇದು ಬೀಳೋದಕ್ಕೇ ಇರೋ ಆಟ" ಅನ್ನುತ್ತಿದ್ದರು. ಗೋಡೆಗೆ ಹೇಳಿದ ಹಾಗೆ.

ಇವರು ಆಡುತ್ತಿದ್ದದ್ದು ಬಸ್ ಡಿಪೋದ ಹಿಂದಿನ ಖಾಲಿ ಜಾಗದಲ್ಲಿ. ಊರಿನ ಉಳಿದ ಮೈದಾನಗಳೆಲ್ಲ ಕ್ಲಬ್ಬಿನ ಬೀಗದ ಒಳಗಿವೆ. ಈ ಜಾಗವೂ ತನಗೆ ಬೇಕೆಂದು ಕ್ಲಬ್ಬಿನ ಕಾರ್ಯದರ್ಶಿ ಕಣ್ಣು ಹಾಕಿದ. ಆಟಕ್ಕಲ್ಲ, ಪಂದ್ಯದ ದಿನ ಕಾರು ನಿಲ್ಲಿಸುವುದಕ್ಕೆ. ಕ್ರೀಡಾ ಸಮಿತಿಯ ಕೌನ್ಸಿಲರು ಇಬ್ಬರನ್ನೂ ಕರೆಸಿ, ಇಬ್ಬರಿಗೂ ನೋವಾಗದ ಹಾಗೆ ಒಂದು ತೀರ್ಪು ಕೊಟ್ಟರು. ಹೊರಗಿನ ತಂಡ ಕರೆಸಿ ಒಂದು ಪಂದ್ಯ ಆಡಿ ತೋರಿಸಬೇಕು. ಜನ ಬಂದು ಒಪ್ಪಿದರೆ ಮೈದಾನ ರಗ್ಬಿ ಲೀಗಿಗೆ, ಇಲ್ಲದಿದ್ದರೆ ಕಾರುಗಳಿಗೆ.

ಯಜಮಾನರು ಆ ದಿನ ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯಲ್ಲಿ ನಿಂತರು. "ಈ ಜಾಗ ಹೋದ್ರೆ ಆಟ ಹೋಯ್ತು ಕಣೆ. ಮತ್ತೆ ಸೇರಿಸೋಕೆ ನನಗೆ ವಯಸ್ಸಿಲ್ಲ" ಅಂದರು. ಅವರ ದನಿ ಕೇಳಿ ನನಗೆ ಮೊದಲ ಸಲ ಹೆದರಿಕೆಯಾಯಿತು. ಅದನ್ನು ತೋರಿಸಿಕೊಳ್ಳದೆ ಚಪ್ಪಲಿಗಾಗಿ ಬೈದೆ. ಆಮೇಲೆ ಅಂಗಡಿಗೆ ಹೋಗಿ ಹದಿಮೂರು ಜರ್ಸಿಗಳ ಭುಜಕ್ಕೆ ಎರಡನೆಯ ಹೊಲಿಗೆ ಹಾಕಿದೆ.

ಪಂದ್ಯದ ದಿನ ಕ್ಲಬ್ಬಿಗೆ ಆಟವಿರಲಿಲ್ಲ. ಮಾಡಲು ಕೆಲಸವಿಲ್ಲದ ಊರು ಅಂಡು ಸುಟ್ಟ ಬೆಕ್ಕಿನಂತೆ ಓಡಾಡುತ್ತಿತ್ತು. ಕಾರ್ಯದರ್ಶಿ ತಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದ, "ಹೋಗಿ ನೋಡ್ರಿ, ಹೊಟ್ಟೆ ಹುಣ್ಣಾಗೋ ಹಾಗೆ ನಗಬಹುದು" ಅಂತ. ಹಾಗಾಗಿ ಜನ ಬಂದರು. ಸಿಮೆಂಟಿನ ಮೆಟ್ಟಿಲು ತುಂಬಿ, ಡಿಪೋದ ಗೋಡೆಯ ಮೇಲೂ ಹತ್ತಿ ಕೂತರು. ಅತ್ತೆಯೂ ಕ್ಲಬ್ಬಿನ ಶಾಲು ಹೊದ್ದು ಬಂದು ನನ್ನ ಪಕ್ಕದಲ್ಲೇ ಕೂತರು. ಮಗನ ಪಂದ್ಯಕ್ಕೆ ಬೇರೆ ಆಟದ ಶಾಲು.

ಮೊದಲರ್ಧ ಇಡೀ ಜನ ನಕ್ಕರು. ಹಿಂದಕ್ಕೆ ಎಸೆದಾಗಲೆಲ್ಲ "ಅತ್ಲಾಗಲ್ಲ, ಇತ್ಲಾಗೆ" ಎಂದು ಕೂಗಿದರು. ಕುತ್ತಿಗೆಯೇ ಇಲ್ಲದವರು, ಮನೆಯಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು, ಮೈದಾನದಲ್ಲಿ ಮೈ ಜಜ್ಜಿಸಿಕೊಳ್ಳುತ್ತಿದ್ದವರಿಗೆ ಪಾಠ ಹೇಳಿದರು. ಆದರೆ ಬೇಕರಿಯವನು ಹೊರಗಿನ ತಂಡದ ಭಾರಿ ಆಳೊಬ್ಬನನ್ನು ಎತ್ತಿ ಕೆಡವಿದಾಗ ಮೆಟ್ಟಿಲುಗಳಲ್ಲಿ ಸದ್ದು ಬದಲಾಯಿತು. ಬೆಳಗ್ಗೆ ಬ್ರೆಡ್ಡು ಕೊಡುವವನಲ್ಲಿ ಇಷ್ಟು ಬಲ ಇದೆಯೆಂದು ಯಾರಿಗೆ ಗೊತ್ತಿತ್ತು? ಎರಡನೆಯ ಅರ್ಧದಲ್ಲಿ ನಗು ನಿಂತುಹೋಯಿತು. ಅತ್ತೆ ಶಾಲು ಕೆಳಗಿಟ್ಟರು. ಸೆಖೆಗೆ ಅಂದರು. ನಾನು ನಂಬಲಿಲ್ಲ.

ಆಟ ಮುಗಿಯುವ ಹೊತ್ತಿಗೆ ನಮ್ಮವರು ಸ್ವಲ್ಪ ಹಿಂದಿದ್ದರು. ಒಂದು ಟ್ರೈ ಆದರೆ ಗೆಲುವು. ಶವಾಗಾರದ ಮೌನಿ ಬೀಳುತ್ತ ಬೀಳುತ್ತ ಚೆಂಡನ್ನು ಹಿಂದಕ್ಕೆ ಕೊಟ್ಟ, ಅದು ಗಾಳಿಯ ಕೈಗೆ ಸಿಕ್ಕಿತು. ಗಾಳಿ ಹೊರಟ. ಒಬ್ಬನನ್ನು ತಪ್ಪಿಸಿದ, ಇನ್ನೊಬ್ಬನ ಕೈಗೆ ಜರ್ಸಿಯ ತುದಿ ಸಿಕ್ಕಿತು, ನನ್ನ ಹೊಲಿಗೆ ಬಿಡಲಿಲ್ಲ, ಹಿಡಿದವನೇ ಬಿಟ್ಟ. ಇಡೀ ಮೆಟ್ಟಿಲು ಎದ್ದು ನಿಂತಿತು. "ಗಾಳಿ, ಗಾಳಿ" ಎಂದು ಊರಿಗೆ ಊರೇ ಕೂಗಿತು. ಅವನು ಗೆರೆ ದಾಟಿದ. ಹತ್ತಿರದಲ್ಲಿ ಒಬ್ಬ ಎದುರಾಳಿಯೂ ಇರಲಿಲ್ಲ.

ದಾಟಿದವನು ಏನು ಮಾಡಿದ ಅಂತೀರಿ. ಚೆಂಡನ್ನು ಕೈಬಿಟ್ಟ. ಜರ್ಸಿಯನ್ನು ತಲೆಯ ಮೇಲಿಂದ ಎಳೆದುಕೊಂಡು, ಎರಡೂ ಕೈ ಚಾಚಿ, ಜನರಿದ್ದ ಮೂಲೆಗೆ ಓಡಿ, ಮಂಡಿಯೂರಿ ಹುಲ್ಲಿನ ಮೇಲೆ ಜಾರಿದ. ಥೇಟ್ ಕ್ಲಬ್ಬಿನ ಸ್ಟ್ರೈಕರು ಗೋಲು ಹೊಡೆದಾಗ ಮಾಡುವ ಹಾಗೆ. ಚೆಂಡು ಅಡ್ಡಾದಿಡ್ಡಿ ಪುಟಿದುಕೊಂಡು ಹೋಗಿ ನಿಂತಿತು. ಹೊರಗಿನ ತಂಡದವನೊಬ್ಬ ನಡೆದುಕೊಂಡೇ ಬಂದು ಅದನ್ನು ಎತ್ತಿಕೊಂಡ. ರೆಫರಿ ಅಂಕವಿಲ್ಲವೆಂದು ಕೈಯಾಡಿಸಿ, ಆಟ ಮುಗಿಯಿತೆಂದು ಸೀಟಿ ಊದಿದರು.

ಆಮೇಲಿನ ಗಲಾಟೆ ಹೇಳತೀರದು. ಗೆರೆ ದಾಟಿದ ಮೇಲೂ ಗೋಲಲ್ಲ ಅಂದರೆ ಈ ಊರು ಕೇಳುತ್ತದೆಯೇ. ಅರ್ಧಗಂಟೆ ಹಿಂದೆ ಹಲ್ಲು ಗಿಂಜುತ್ತಿದ್ದವರೆಲ್ಲ ಈಗ ನ್ಯಾಯಕ್ಕಾಗಿ ಪ್ರಾಣ ಕೊಡಲು ತಯಾರಾದರು. ಬಾಟಲಿಗಳು ಹಾರಿದವು. ಅತ್ತೆ ರೆಫರಿಯ ವಂಶವನ್ನೆಲ್ಲ ಎತ್ತಿ ಬೈದರು. ಕೌನ್ಸಿಲರ ಮುಖ ಮಾತ್ರ ಅರಳಿತ್ತು. ಅವರು ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದರು. ನಾನೂ ಹಿಂದೆಯೇ ಇಳಿದು ಹೋದೆ.

"ಜನ ಎದ್ದು ನಿಂತಿದಾರೆ ನೋಡಪ್ಪ. ಈ ಆಟಕ್ಕೆ ಹೀಗೆ ಎದ್ದು ನಿಲ್ತಾರೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ" ಅಂದರು ಕೌನ್ಸಿಲರು. "ನೀನು ಮೈಕ್ ತಗೊಂಡು ಗೋಲ್ ಆಯ್ತು ಅಂದುಬಿಡು. ಅದೇ ಉಸಿರಲ್ಲಿ ನಾನು ಮೈದಾನ ನಿಮ್ದು ಅಂತೀನಿ."

"ಗೋಲ್ ಅಲ್ಲ ಸರ್, ಟ್ರೈ."

"ಏನಾದ್ರೂ ಅನ್ನು. ಆಯ್ತು ಅನ್ನು."

"ಆಗ್ಲಿಲ್ಲ ಸರ್."

ಹೊರಗಿನ ತಂಡದ ನಾಯಕ ಒಳ್ಳೆಯವನು. ತುಟಿ ಒಡೆದು ರಕ್ತ ಸುರಿಯುತ್ತಿದ್ದರೂ ಹತ್ತಿರ ಬಂದು, "ನಮ್ದೇನೂ ಅಭ್ಯಂತರ ಇಲ್ಲ. ನಾವು ಬಸ್ ಹತ್ತಿ ಹೊರಡೋರು. ನೀವು ಜಾಗ ಉಳಿಸ್ಕೊಳ್ಳಿ" ಅಂದ. ರೆಫರಿ ಅವರ ಜೊತೆ ಬಂದಿದ್ದ ಶಾಲೆಯ ಮೇಷ್ಟ್ರು. "ನಾನು ಸೀಟಿ ಊದಿ ಆಯ್ತು. ಆಮೇಲೆ ಮೈಕಲ್ಲಿ ಯಾರು ಏನಂದ್ರೂ ನನಗೆ ಕೇಳಿಸಲ್ಲ" ಎಂದು ಅವರೂ ಬೂಟು ಬಿಚ್ಚಲು ಕೂತರು. ಇಡೀ ಲೋಕವೇ ಸುಳ್ಳಿಗೆ ಜಾಗ ಮಾಡಿಕೊಟ್ಟು ನಿಂತಿತ್ತು. ಯಜಮಾನರು ನನ್ನ ಮುಖ ನೋಡಿದರು.

"ಹೇಳಿಬಿಡಿ" ಅಂದೆ. "ಇವತ್ತು ಖಂಡಿತ ಬಂದು ನಲ್ಲಿ ಸರಿ ಮಾಡ್ತೀನಿ ಅಂತ ಊರಿಗೆಲ್ಲ ದಿನಾ ಹೇಳ್ತೀರಲ್ಲ, ಅಂಥದ್ದೇ ಇದೂ ಒಂದು."

"ಅದು ಬೇರೆ ಕಣೆ" ಅಂದರು.

"ಏನು ಬೇರೆ?"

ಅವರು ಹೋಗಿ ಮೈಕು ಹಿಡಿದರು. ಜನ ಗಪ್ಪಾದರು. "ಸ್ನೇಹಿತರೇ, ರೆಫರಿ ಹೇಳಿದ್ದು ಸರಿ. ನಮ್ಮ ಹುಡುಗ ಚೆಂಡನ್ನ ನೆಲಕ್ಕೆ ಒತ್ಲಿಲ್ಲ. ನಾವು ಸೋತಿದ್ದೀವಿ" ಅಂದರು. ಅಷ್ಟಕ್ಕಾದರೂ ನಿಲ್ಲಿಸಬೇಕೋ ಬೇಡವೋ. ಯಾಕೆ ಒತ್ತಬೇಕು, ಹೇಗೆ ಒತ್ತಬೇಕು, ಕೈಜಾರಿದರೆ ಏನು, ಮೊಣಕೈ ತಾಗಿದರೆ ಏನು ಎಂದು ಶುರು ಹಚ್ಚಿಕೊಂಡರು. ಪಂಪು ಯಾಕೆ ಕೆಟ್ಟಿತೆಂದು ಮನೆಯಾಕೆಗೆ ವಿವರಿಸುವ ಹಾಗೆ, ಒಂದೂ ಬಿಡದೆ. ಮೊದಲು ಶಿಳ್ಳೆ ಬಿತ್ತು, ಆಮೇಲೆ ಬಾಯಿಗೆ ಬಂದ ಬೈಗುಳ ಬಿತ್ತು. ತನ್ನವರನ್ನೇ ಮಾರಿಕೊಂಡವನು ಎಂದು ಯಾರೋ ಕೂಗಿದ. ಅವರು ಮೊಣಕೈ ಮುಗಿಸುವಷ್ಟರಲ್ಲಿ ಮೆಟ್ಟಿಲು ಖಾಲಿಯಾಗಿತ್ತು. ಕೌನ್ಸಿಲರ ಕಾರು ಆಗಲೇ ಹೋಗಿತ್ತು. ಸಿಟ್ಟಿನಿಂದ ನನಗೆ ಕಣ್ಣು ಕತ್ತಲಿಟ್ಟಿತು. ನಾನು ಅವರನ್ನು ಕಾಯದೆ ಅತ್ತೆಯ ಕೈ ಹಿಡಿದುಕೊಂಡು ಮನೆಗೆ ನಡೆದೆ.

ಆ ವಾರವೇ ಕ್ಲಬ್ಬಿನವರು ಬಂದು ಮೈದಾನದ ಕಂಬಗಳನ್ನು ಕಿತ್ತರು. ಹುಲ್ಲಿನ ಮೇಲೆ ಜಲ್ಲಿ ಸುರಿದರು. ತಂಡದವರು ಒಬ್ಬೊಬ್ಬರಾಗಿ ಜರ್ಸಿ ತಂದು ಅಂಗಡಿಯಲ್ಲಿಟ್ಟು ಹೋದರು. ಎಲ್ಲರಿಗಿಂತ ಕೊನೆಗೆ ಗಾಳಿ ಬಂದ. ಕೌಂಟರಿನ ಮರವನ್ನು ಉಗುರಿನಿಂದ ಕೆರೆಯುತ್ತ ನಿಂತ. "ಅಕ್ಕ, ಅಭ್ಯಾಸದಲ್ಲಿ ಒಂದು ಸಲಾನೂ ಮರ್ತಿಲ್ಲ. ಅವತ್ತು ಜನ ನನ್ನ ಹೆಸರು ಕೂಗಿದ್ರು. ಯಾವತ್ತೂ ಯಾರೂ ಕೂಗಿರ್ಲಿಲ್ಲ" ಅಂದ. ಚೆನ್ನಾಗಿ ಮಂಗಳಾರತಿ ಮಾಡಬೇಕೆಂದು ಎಷ್ಟೋ ದಿನದಿಂದ ಮಾತು ಕೂಡಿಟ್ಟುಕೊಂಡಿದ್ದೆ. ಅದನ್ನೆಲ್ಲ ಬಿಟ್ಟು ಜರ್ಸಿಯನ್ನು ಅವನೇ ಇಟ್ಟುಕೊಳ್ಳಲಿ ಎಂದು ವಾಪಸು ಕೊಟ್ಟೆ.

ಈಗ ಊರಿನ ತಮಾಷೆ ಕೇಳಿ. ಆ ಗೋಲು ಗೋಲಾಗಿತ್ತೋ ಇಲ್ಲವೋ ಎಂಬುದೇ ಊರಿಗೆಲ್ಲ ಮಾತು. ಆಟ ಬೇಡದವರಿಗೆ ಜಗಳ ಬೇಕಾಯಿತು. ಬ್ಯಾಂಕಿನ ಗುಮಾಸ್ತ ಒತ್ತಬೇಕಿತ್ತು ಅನ್ನುತ್ತಾನೆ, ಹಲ್ಲಿನ ಡಾಕ್ಟರು ಬಾಯಿ ತೆರೆದು ಕೂತ ರೋಗಿಗೆ ಒತ್ತಬೇಕಿರಲಿಲ್ಲ ಎಂದು ವಾದಿಸುತ್ತಾನೆ. ಅತ್ತೆಯಂತೂ ಪಕ್ಷ ಬದಲಿಸಿ, ಒತ್ತದ ಕತ್ತೆಗೆ ಯಾಕೆ ಅಂಕ ಕೊಡಬೇಕೆಂದು ಸ್ಟೇಡಿಯಂ ಮೆಟ್ಟಿಲಿನಲ್ಲೇ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತಾರೆ. ಒಂದೇ ಒಂದು ದಿನವೂ ಆ ಚೆಂಡನ್ನು ಮುಟ್ಟದವರೆಲ್ಲ ಆರು ಸಲ ಕೆಡವುವ ನಿಯಮವನ್ನು ಗಿಳಿಪಾಠದ ಹಾಗೆ ಒಪ್ಪಿಸುತ್ತಾರೆ. ಕಾರು ನಿಲ್ಲಿಸಿ, ಅದೇ ಜಲ್ಲಿಯ ಮೇಲೆ ನಿಂತು ವಾದಿಸುತ್ತಾರೆ. ನಾಚಿಕೆ ಎಂಬುದು ಈ ಊರಿನ ನೀರಿನಲ್ಲೇ ಇಲ್ಲ.

ವಾದ ತೀರದಿದ್ದರೆ ನಮ್ಮ ಯಜಮಾನರಿಗೆ ಕರೆ ಬರುತ್ತದೆ. ತನ್ನವರನ್ನೇ ಮಾರಿಕೊಂಡವನು ಎಂದು ಬೈದ ಬಾಯಿಗಳೇ ಈಗ "ನೀವೇ ಹೇಳಿ ಗುರುಗಳೇ" ಅನ್ನುತ್ತವೆ. ಇವರೂ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ನಿನ್ನೆ ಕ್ಷೌರದಂಗಡಿಯಿಂದ ಬಂದವರ ಮುಖ ಹೊಳೆಯುತ್ತಿತ್ತು. ಮೇಜಿನ ಮುಂದೆ ಕೂತು, "ಎಲ್ಲರಿಗೂ ಅರ್ಥ ಆಯ್ತು ಕಣೆ. ಹಿಂದಕ್ಕೆ ಯಾಕೆ ಎಸೀಬೇಕು ಅಂತಾನೂ ಕೇಳಿದ್ರು. ಆಟ ಬೆಳೀತಾ ಇದೆ, ನಾನು ಹೇಳ್ತಾ ಇರ್ಲಿಲ್ವಾ" ಅಂದರು. ಬೆಳೆದ ಆಟವನ್ನು ಎಲ್ಲಿ ಆಡಿಸುತ್ತೀರಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನನ್ನ ನಾಲಿಗೆ ಎಂಥದ್ದೆಂದು ಈ ಬೀದಿಗೇ ಗೊತ್ತು. ಅವರ ಮುಖ ನೋಡಿದೆ. "ಹೂಂ, ಬೆಳೀತಾ ಇದೆ" ಅಂದು ಊಟಕ್ಕೆ ಬಡಿಸಿದೆ.